ಅಕಿಲೀಸನಿಗೆ ಯಾವ ಹೆಲ್ಮೆಟ್ ತೊಡಿಸೋಣ?

ಗ್ರೀಕರ ಹಡಗುಗಳು ಟ್ರಾಯ್ ದಡ ಸೇರಿದವು. ಕವಿಗೆ ಇಷ್ಟು ಹೇಳಿದರೆ ಸಾಕು. ಹಡಗಿಗೆ ಎಷ್ಟು ಹುಟ್ಟು, ಹಾಯಿ ಯಾವ ಆಕಾರದ್ದು, ಮೊದಲು ನೀರಿಗಿಳಿದವನಿಗೆ ಗಡ್ಡ ಇತ್ತಾ ಇಲ್ವಾ, ಇದ್ಯಾವುದನ್ನೂ ಹೇಳದೆ ಮುಂದಿನ ಸಾಲಿಗೆ ಹೋಗಿಬಿಡಬಹುದು. ಕೇಳುವವರು ತಮಗೆ ತೋಚಿದ ಹಡಗನ್ನು ಕಲ್ಪಿಸಿಕೊಳ್ಳುತ್ತಾರೆ. ಅದೇ ಸಾಲನ್ನು ಚಿತ್ರ ಬಿಡಿಸುವವರ ಮುಂದಿಟ್ಟು ನೋಡಿ. ಪೆನ್ಸಿಲ್ ಕಾಗದಕ್ಕೆ ತಾಗುವ ಮೊದಲೇ ಇಷ್ಟಕ್ಕೂ ಉತ್ತರ ಬೇಕು.

ಗ್ರೀಕ್ ಯುದ್ಧದ ಕಥೆಗಳನ್ನು ಗ್ರಾಫಿಕ್ ಕಾದಂಬರಿ ಮಾಡುವುದು ಅಂದರೆ ಮಾತನ್ನು ಕತ್ತರಿಸಿ ಬಲೂನಿಗೆ ತುಂಬುವುದು, ಪಕ್ಕದಲ್ಲಿ ಕಟ್ಟುಮಸ್ತಾದ ವೀರರನ್ನು ಬಿಡಿಸುವುದು ಅಂತ ಅನೇಕರ ಭಾವನೆ. ನಿಜವಾದ ಕೆಲಸ ಬೇರೆಯೇ ಇದೆ. ಸಾವಿರಾರು ವರ್ಷಗಳಿಂದ ಕವಿಗಳು ಹೇಳದೆ ಬಿಟ್ಟ ವಿಷಯಗಳನ್ನು ಚಿತ್ರಕಾರರು ಒಂದೊಂದಾಗಿ ತೀರ್ಮಾನಿಸಬೇಕು. ಒಂದು ತೀರ್ಮಾನ ಇನ್ನೊಂದರ ಕಾಲು ಎಳೆಯುತ್ತದೆ. ಅದು ಹೇಗೆ ಅಂತ ನೋಡಲು ಒಳ್ಳೆಯ ಉದಾಹರಣೆ ಅಮೆರಿಕದ ಎರಿಕ್ ಶನೋವರ್ ಅವರ 'ಏಜ್ ಆಫ್ ಬ್ರಾನ್ಜ್'. ಬರವಣಿಗೆ, ಚಿತ್ರ ಎರಡೂ ಅವರದೇ. 1998ರಲ್ಲಿ ಸಂಚಿಕೆಗಳಾಗಿ ಶುರುವಾಯಿತು. ಏಳು ಸಂಪುಟಗಳಲ್ಲಿ ಇಡೀ ಟ್ರಾಯ್ ಯುದ್ಧ ಹೇಳುವುದು ಯೋಜನೆ. 2001 ಮತ್ತು 2003ರಲ್ಲಿ ಇದಕ್ಕಾಗಿಯೇ ಅವರಿಗೆ ಕಾಮಿಕ್ಸ್ ಲೋಕದ ದೊಡ್ಡ ಗೌರವವಾದ ಐಸ್ನರ್ ಪ್ರಶಸ್ತಿ ಬಂತು.

ಮೊದಲ ತೊಡಕು ಕಥೆಯದ್ದೇ. ಟ್ರಾಯ್ ಯುದ್ಧದ ಕಥೆ ಅಂದರೆ ಹೋಮರನ ಇಲಿಯಡ್ ಅಂದುಕೊಳ್ಳುತ್ತೇವೆ. ಇಲಿಯಡ್‌ನಲ್ಲಿ 24 ಕಾಂಡ, 15,000ಕ್ಕೂ ಹೆಚ್ಚು ಸಾಲು ಇದೆ. ಆದರೆ ಹತ್ತು ವರ್ಷದ ಯುದ್ಧದಲ್ಲಿ ಅದು ಹೇಳುವುದು ಕೊನೆಯ ವರ್ಷದ ಸುಮಾರು 50 ದಿನದ ಸಂಗತಿ. ಅದರಲ್ಲೂ ನಿಜವಾಗಿ ಕಾದಾಟ ನಡೆಯುವುದು ನಾಲ್ಕೇ ದಿನ. ಗ್ರೀಕ್ ಪಡೆಯ ನಾಯಕ ಅಗಮೆಮ್ನಾನ್ ಜೊತೆ ಅವರ ಮಹಾವೀರ ಅಕಿಲೀಸ್ ಜಗಳ ಆಡುವುದರಿಂದ ಶುರುವಾಗಿ ಟ್ರಾಯ್ ರಾಜಕುಮಾರ ಹೆಕ್ಟರನ ಅಂತ್ಯಕ್ರಿಯೆಗೆ ಕಾವ್ಯ ಮುಗಿದುಹೋಗುತ್ತದೆ. ಯುದ್ಧಕ್ಕೆ ಕಾರಣವಾದ ಗ್ರೀಕ್ ರಾಣಿ ಹೆಲೆನ್ ಟ್ರಾಯ್‌ನ ಪ್ಯಾರಿಸ್ ಜೊತೆ ಓಡಿಹೋಗುವುದನ್ನು ಅದು ಹೇಳುವುದಿಲ್ಲ. ಅಕಿಲೀಸ್ ಸಾಯುವುದಿಲ್ಲ. ಮರದ ಕುದುರೆ ಇಲ್ಲವೇ ಇಲ್ಲ! ಕುದುರೆಯ ವಿಷಯ ಹೋಮರನದೇ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ ಅಲ್ಲಲ್ಲಿ ಬರುತ್ತದೆ. ವಿಸ್ತಾರವಾಗಿ ಬೇಕಾದರೆ ರೋಮಿನ ವರ್ಜಿಲ್ ಹತ್ತಿರ ಹೋಗಬೇಕು. ಯುದ್ಧದ ಹಿಂದುಮುಂದನ್ನು ಹೇಳುತ್ತಿದ್ದ ಬೇರೆ ಹಳೇ ಕಾವ್ಯಗಳಿದ್ದವು. ಅವು ಕಳೆದುಹೋಗಿ ಈಗ ಸಾರಾಂಶ, ಚೂರುಪಾರು ಸಾಲುಗಳಷ್ಟೇ ಉಳಿದಿವೆ. ಅಕಿಲೀಸನ ಹಿಮ್ಮಡಿಯ ಕಥೆ ಎಲ್ಲರಿಗೂ ಗೊತ್ತು, ಅಲ್ವಾ? ಮೈಗೆ ಗಾಯವಾಗದಿರಲಿ ಅಂತ ಅವನ ತಾಯಿ ಅವನನ್ನು ಹಿಮ್ಮಡಿ ಹಿಡಿದು ಸ್ಟಿಕ್ಸ್ ನದಿಯಲ್ಲಿ ಅದ್ದಿದ ಕಥೆಯನ್ನು ನಾವು ಮೊದಲು ಓದುವುದು ಸ್ಟೇಷಿಯಸ್ ಎಂಬ ರೋಮನ್ ಕವಿಯಲ್ಲಿ, ಕ್ರಿಸ್ತಶಕ ಮೊದಲ ಶತಮಾನದಲ್ಲಿ. ಹೋಮರನಿಗಿಂತ ಸುಮಾರು 800 ವರ್ಷ ಈಚೆಗೆ.

ಜೊತೆಗೆ ಈ ಮೂಲಗಳು ಒಂದಕ್ಕೊಂದು ಹೊಂದುವುದಿಲ್ಲ. ಹಡಗುಗಳಿಗೆ ಗಾಳಿ ಸಿಗಲಿ ಅಂತ ಅಗಮೆಮ್ನಾನ್ ತನ್ನ ಮಗಳು ಇಫಿಜೀನಿಯಾಳನ್ನು ಬಲಿ ಕೊಟ್ಟ. ಕ್ರಿಸ್ತಪೂರ್ವ 458ರ ಈಸ್ಕಿಲಸನ ನಾಟಕದಲ್ಲಿ ಇದು ಬಲಿಯೇ, ತಾಯಿಯ ಸೇಡಿಗೆ ಇದೇ ಬೀಜ. ಯೂರಿಪಿಡೀಸ್ ಹೆಸರಿನಲ್ಲಿ ಉಳಿದಿರುವ ನಾಟಕದ ಕೊನೆಯಲ್ಲಿ ಮಾತ್ರ ಬಲಿಪೀಠದ ಮೇಲೆ ಹುಡುಗಿಯ ಬದಲು ಜಿಂಕೆ ಬಿದ್ದಿರುತ್ತದೆ. ಹೆಲೆನ್ ಟ್ರಾಯ್‌ಗೆ ಹೋಗಲೇ ಇಲ್ಲ, ಈಜಿಪ್ಟಿನಲ್ಲೇ ಇದ್ದಳು ಅಂತ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಟ್ರಾಯ್ಲಸ್ ಮತ್ತು ಕ್ರೆಸಿಡಾರ ಪ್ರೇಮಕಥೆ ಗ್ರೀಕರದ್ದೇ ಅಲ್ಲ, 12ನೇ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ್ದು.

ಕನ್ನಡದವರಿಗೆ ಇದು ಹೊಸದೇನಲ್ಲ. ಪಂಪನ ಭಾರತ ಬೇರೆ, ಕುಮಾರವ್ಯಾಸನ ಭಾರತ ಬೇರೆ. ಹಾಗಂತ ಯಾವುದನ್ನೂ ನಾವು ತಪ್ಪು ಅನ್ನುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರಂತೂ 1929ರಲ್ಲಿ ಟ್ರಾಯ್ ಯುದ್ಧದ್ದೇ ಒಂದು ತುಂಡನ್ನು, ಸೋಫೋಕ್ಲೀಸನ 'ಏಜಾಕ್ಸ್' ನಾಟಕವನ್ನು, ಎತ್ತಿಕೊಂಡು ಏಜಾಕ್ಸನ ಜಾಗದಲ್ಲಿ ಅಶ್ವತ್ಥಾಮನನ್ನು ತಂದು ನಿಲ್ಲಿಸಿದರು. ಗ್ರೀಕ್ ವೀರನ ಅವಮಾನ, ಹುಚ್ಚು, ಸಾವು ಎಲ್ಲವೂ ಕುರುಕ್ಷೇತ್ರಕ್ಕೆ ಬಂದವು. ಗುಂಡಿಗೆ ಬೇಕು ಅದಕ್ಕೆ.

ಶನೋವರ್ ಹಿಡಿದ ದಾರಿ ತದ್ವಿರುದ್ಧ. ಅವರು ಹೋಮರ್, ನಾಟಕಕಾರರು, ರೋಮನ್ನರು, ಮಧ್ಯಯುಗದವರು ಎಲ್ಲರನ್ನೂ ಒಟ್ಟುಹಾಕಿ ಒಂದೇ ಸರಾಗ ಕಥೆ ಹೆಣೆಯಲು ಹೊರಟರು. ಕಥೆ ಶುರುವಾಗುವುದು ಐಡಾ ಬೆಟ್ಟದಲ್ಲಿ, ತಾನು ರಾಜಕುಮಾರ ಅಂತ ಗೊತ್ತಿಲ್ಲದೆ ದನ ಕಾಯುವ ಪ್ಯಾರಿಸ್‌ನಿಂದ. ಅವನ ಮೆಚ್ಚಿನ ಹೋರಿಯನ್ನು ಟ್ರಾಯ್‌ನವರು ಎಳೆದುಕೊಂಡು ಹೋಗುತ್ತಾರೆ. ಹೀಗೆ ಬುಡದಿಂದ ಹೇಳುತ್ತಾ ಬಂದರೆ ಎಷ್ಟು ಉದ್ದ ಆಗುತ್ತದೆ ನೋಡಿ: 2013ರ ಪುಸ್ತಕದ ಹೊತ್ತಿಗೂ ಕಥೆ ಇಲಿಯಡ್‌ನ ಮೊದಲ ಸಾಲನ್ನು ಮುಟ್ಟಿರಲಿಲ್ಲ. ಒಬ್ಬನೇ ಮನುಷ್ಯ ಕೂತು ಪುಟ ಪುಟ ಬಿಡಿಸುವ ಕೆಲಸದಲ್ಲಿ ಇದು ಸಣ್ಣ ಅಪಾಯವಲ್ಲ.

ಈಗ ಹೆಲ್ಮೆಟ್‌ಗೆ ಬರೋಣ. ಗ್ರೀಕ್ ಯೋಧ ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಮುಖ ಪೂರ್ತಿ ಮುಚ್ಚುವ ಕಂಚಿನ ಹೆಲ್ಮೆಟ್, ಮೇಲೆ ಕುದುರೆ ಕೂದಲ ತುರಾಯಿ, ಕೈಯಲ್ಲಿ ದೊಡ್ಡ ದುಂಡು ಗುರಾಣಿ. ಆ ವೇಷ ಕ್ರಿಸ್ತಪೂರ್ವ 7ರಿಂದ 5ನೇ ಶತಮಾನದ್ದು. ಮಡಕೆಗಳ ಮೇಲೆ ಚಿತ್ರ ಬಿಡಿಸಿದ ಗ್ರೀಕರು ಪುರಾಣದ ವೀರರಿಗೆ ತಮ್ಮ ಕಾಲದ ಸೈನಿಕರ ಬಟ್ಟೆಯನ್ನೇ ತೊಡಿಸಿದರು. ನಮ್ಮ ಕಲ್ಪನೆ ಆ ಮಡಕೆಗಳಿಂದ ಬಂದದ್ದು. ಹೋಮರ್ ಇದ್ದದ್ದು ಅದಕ್ಕೂ ಮೊದಲು, ಹೆಚ್ಚು ಕಡಿಮೆ 8ನೇ ಶತಮಾನದಲ್ಲಿ. ಇನ್ನು ಯುದ್ಧ ಅಂತೊಂದು ನಡೆದಿದ್ದರೆ ಅದು ಕಂಚಿನ ಯುಗದ ಕೊನೆಯಲ್ಲಿ. ಹಳೇ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಟ್ರಾಯ್ ಬಿದ್ದದ್ದು ನಮ್ಮ ಲೆಕ್ಕದಲ್ಲಿ ಕ್ರಿಸ್ತಪೂರ್ವ 1184ರಲ್ಲಿ ಅಂತ ಹೇಳಿದ್ದ. ಅಂದರೆ ಒಂದೇ ಕಥೆಗೆ ಮೂರು ಕಾಲ, ಮೂರು ಬಗೆಯ ಉಡುಪು.

ಶನೋವರ್ ಕಂಚಿನ ಯುಗವನ್ನೇ ಆರಿಸಿಕೊಂಡರು. ಹೆಸರಲ್ಲೇ ಅದಿದೆ. ಆಗ ಸಹಾಯಕ್ಕೆ ಬರುವುದು ಪುರಾತತ್ವ. ಗ್ರೀಸಿನ ಡೆಂಡ್ರಾ ಎಂಬಲ್ಲಿ 1960ರಲ್ಲಿ ಒಂದು ಗೋರಿಯಲ್ಲಿ ಪೂರ್ತಿ ಕಂಚಿನ ಕವಚ ಸಿಕ್ಕಿತು. ಕುತ್ತಿಗೆಯಿಂದ ತೊಡೆಯವರೆಗೆ ತಗಡಿನ ಪದರ ಪದರ, ತೂಕ 15 ಕಿಲೋಗೂ ಜಾಸ್ತಿ. ನೋಡಲು ವೀರನಿಗಿಂತ ನಡೆಯುವ ಹಂಡೆಯ ಹಾಗಿದೆ. ಅದರ ಜೊತೆ ಕಾಡುಹಂದಿಯ ಕೋರೆಹಲ್ಲುಗಳನ್ನು ಸಾಲಾಗಿ ಹೊಲಿದ ಹೆಲ್ಮೆಟ್ಟೂ ಇತ್ತು. ಇಂಥ ಒಂದು ಹೆಲ್ಮೆಟ್‌ಗೆ ಡಜನ್‌ಗಟ್ಟಲೆ ಹಂದಿ ಬೇಟೆಯಾಗಬೇಕು. ಸೋಜಿಗ ಏನೆಂದರೆ ಇಲಿಯಡ್‌ನ ಹತ್ತನೇ ಕಾಂಡದಲ್ಲಿ ಗ್ರೀಕ್ ವೀರ ಒಡಿಸ್ಸಿಯಸ್ ರಾತ್ರಿ ಬೇಹಿಗೆ ಹೋಗುವಾಗ ಹಾಕಿಕೊಳ್ಳುವುದು ಸರಿಯಾಗಿ ಇದೇ ಹೆಲ್ಮೆಟ್. ಒಳಗೆ ಚರ್ಮದ ಪಟ್ಟಿ, ಹೊರಗೆ ಬಿಳಿ ಕೋರೆಹಲ್ಲು, ಎಲ್ಲ ಬಿಡಿಬಿಡಿಯಾಗಿ ಹೇಳಿದೆ. ಹೋಮರನ ಕಾಲಕ್ಕೆ ಅದು ಬಳಕೆ ತಪ್ಪಿ ನೂರಾರು ವರ್ಷ ಆಗಿತ್ತು. ಯಾರೂ ಕಂಡಿರದ ವಸ್ತು ಬಾಯಿಂದ ಬಾಯಿಗೆ ದಾಟಿ ಬಂದಿತ್ತು.

ಹಾಗಾದರೆ ಅಗೆದು ಸಿಕ್ಕಿದ್ದನ್ನು ನೋಡಿ ಬಿಡಿಸಿದರೆ ಮುಗಿಯಿತಾ? ಅಷ್ಟು ಸುಲಭವಲ್ಲ. ಡೆಂಡ್ರಾದ ಕವಚ ಕ್ರಿಸ್ತಪೂರ್ವ 15ನೇ ಶತಮಾನದ್ದು, ಯುದ್ಧದ ಕಾಲಕ್ಕೆ ಅದೂ ಹಳತು. ಗ್ರೀಸಿನ ಮೈಸೀನಿಯಲ್ಲಿ 1876ರಲ್ಲಿ ಅಗೆತ ನಡೆಸಿದ ಜರ್ಮನಿಯ ಹೈನ್ರಿಕ್ ಶ್ಲೀಮನ್‌ಗೆ ಸಿಕ್ಕಿದ ಚಿನ್ನದ ಮುಖವಾಡವನ್ನು ಜನ ಇವತ್ತಿಗೂ ಅಗಮೆಮ್ನಾನ್ ಮುಖವಾಡ ಅನ್ನುತ್ತಾರೆ. ಅದೂ ಆ ಯುದ್ಧಕ್ಕಿಂತ ಮುನ್ನೂರು ವರ್ಷ ಹಿಂದಿನದು. ಟ್ರಾಯ್ ಅಂತ ಗುರುತಿಸಿರುವ ಜಾಗ ಟರ್ಕಿಯ ಹಿಸಾರ್ಲಿಕ್ ದಿಬ್ಬ. ಅಲ್ಲಿ ಒಂದರ ಮೇಲೊಂದು ಒಂಬತ್ತು ಮುಖ್ಯ ಪದರಗಳಲ್ಲಿ ಊರುಗಳಿವೆ. 1873ರಲ್ಲಿ ಶ್ಲೀಮನ್ ಟ್ರಾಯ್ ದೊರೆಯ ಹೆಸರಲ್ಲಿ "ಪ್ರಿಯಾಮನ ನಿಧಿ" ಅಂತ ಸಾರಿದ ಒಡವೆಗಳು ಎರಡನೇ ಪದರದವು, ಸಾವಿರಕ್ಕೂ ಹೆಚ್ಚು ವರ್ಷ ಹಳೆಯವು. ಅವನ್ನು ತನ್ನ ಹೆಂಡತಿ ಸೋಫಿಯಾಗೆ ತೊಡಿಸಿ ಫೋಟೋ ತೆಗೆಸಿದ್ದ. ಹೆಲೆನ್‌ಗೆ ಅದೇ ಒಡವೆ ಹಾಕುವ ಚಿತ್ರಕಾರರು ಈಗಲೂ ಇದ್ದಾರೆ. ಚೆನ್ನಾಗಿ ಕಾಣುತ್ತದೆ, ಕಾಲ ಮಾತ್ರ ತಪ್ಪು. ಹೋಮರನ ಟ್ರಾಯ್ ಆಗಿರಬಹುದು ಅಂತ ಪಂಡಿತರು ವಾದ ಮಾಡುವುದು ಆರನೇ ಪದರ ಮತ್ತು ಏಳನೆಯದರ ಮೊದಲ ಹಂತದ ಸುತ್ತ.

ಟ್ರಾಯ್‌ನವರ ವೇಷದಲ್ಲಿ ಇನ್ನೊಂದು ಒಳ್ಳೆಯ ಎಳೆ ಇದೆ. ಹೋಮರನಲ್ಲಿ ಎರಡೂ ಕಡೆಯವರು ಒಂದೇ ಭಾಷೆ ಆಡುತ್ತಾರೆ, ಅವೇ ದೇವರುಗಳನ್ನು ಪೂಜಿಸುತ್ತಾರೆ. ಆದರೆ ಆಗ ಅನಟೋಲಿಯಾವನ್ನು, ಅಂದರೆ ಈಗಿನ ಟರ್ಕಿಯ ಕಡೆಯನ್ನು, ಆಳುತ್ತಿದ್ದ ಹಿಟ್ಟೈಟ್ ಸಾಮ್ರಾಜ್ಯದ ಮಣ್ಣಿನ ಹಲಗೆಗಳಲ್ಲಿ ವಿಲುಸ ಅಂತೊಂದು ನಾಡಿನ ಹೆಸರಿದೆ. ಕ್ರಿಸ್ತಪೂರ್ವ 1280ರ ಹೊತ್ತಿಗೆ ಅದರ ದೊರೆ ಅಲಕ್ಸಂದು ಹಿಟ್ಟೈಟ್ ರಾಜನ ಜೊತೆ ಒಪ್ಪಂದ ಮಾಡಿಕೊಂಡಿದ್ದಾನೆ. ವಿಲುಸ ಅಂದರೆ ಇಲಿಯೋಸ್, ಅಂದರೆ ಟ್ರಾಯ್ ಅಂತ ಬಹಳ ಜನ ವಿದ್ವಾಂಸರು ಒಪ್ಪುತ್ತಾರೆ. ಪ್ಯಾರಿಸ್‌ಗೆ ಅಲೆಕ್ಸಾಂಡ್ರೋಸ್ ಅಂತ ಇನ್ನೊಂದು ಹೆಸರಿದ್ದದ್ದು ನೆನಪಿಸಿಕೊಳ್ಳಿ. ಹಾಗಾಗಿ ಶನೋವರ್ ತಮ್ಮ ಟ್ರಾಯ್‌ನವರಿಗೆ ಅನಟೋಲಿಯಾ ಕಡೆಯ, ಹಿಟ್ಟೈಟ್ ಛಾಯೆಯ ಉಡುಗೆ ಕೊಟ್ಟರು. ಪುಟ ತಿರುಗಿಸಿದ ಕೂಡಲೇ ನಾವು ಯಾವ ಊರಲ್ಲಿದ್ದೇವೆ ಅಂತ ಗೊತ್ತಾಗುತ್ತದೆ, ಯಾರೂ ಬಾಯಿ ಬಿಡಬೇಕಿಲ್ಲ.

ಆದರೆ ಅಗೆತ ಮತ್ತು ಕಾವ್ಯ ಎದುರುಬದುರಾದರೆ ಯಾರ ಮಾತು ಕೇಳುವುದು? ಕಂಚಿನ ಯುಗದ ಮೈಸೀನಿ ಜನ ಸತ್ತವರನ್ನು ಸಾಮಾನ್ಯವಾಗಿ ಹೂಳುತ್ತಿದ್ದರು. ಹೋಮರನ ವೀರರನ್ನು ಸುಡುತ್ತಾರೆ. ಅಕಿಲೀಸನ ಗೆಳೆಯ ಪೆಟ್ರೋಕ್ಲಸನ ಚಿತೆ ಇಲ್ಲದೆ ಇಲಿಯಡ್ ಇಲ್ಲ. ಅಲ್ಲಿ ಪುರಾತತ್ವವನ್ನು ಪಕ್ಕಕ್ಕಿಡಲೇಬೇಕು. ಹೆಕ್ಟರ್ ಹೆಂಡತಿಯನ್ನು ನೋಡಲು ಬರುವ ಆರನೇ ಕಾಂಡದ ದೃಶ್ಯವೂ ಹೀಗೇ. ಅಪ್ಪನ ಹೆಲ್ಮೆಟ್ ಮೇಲೆ ಅಲ್ಲಾಡುವ ತುರಾಯಿ ನೋಡಿ ಮಗು ಹೆದರಿ ದಾದಿಯ ಎದೆಗೆ ಮುಖ ಒತ್ತಿಕೊಳ್ಳುತ್ತದೆ. ಗಂಡ ಹೆಂಡತಿ ಇಬ್ಬರೂ ನಗುತ್ತಾರೆ. ಹೆಕ್ಟರ್ ಹೆಲ್ಮೆಟ್ ತೆಗೆದು ನೆಲದ ಮೇಲಿಡುತ್ತಾನೆ, ಮಗುವನ್ನು ಎತ್ತಿ ಮುದ್ದಾಡುತ್ತಾನೆ. ನೀವು ಯಾವ ಕಾಲದ ಹೆಲ್ಮೆಟ್ಟನ್ನಾದರೂ ಬಿಡಿಸಿ, ಅದರ ಮೇಲೊಂದು ತುರಾಯಿ ಇರಲೇಬೇಕು. ಕೂಸು ಹೆದರುವಷ್ಟು ದೊಡ್ಡದಾಗಿ ಇರಬೇಕು. ಈ ದೃಶ್ಯಕ್ಕೆ ಮಾತೇ ಬೇಡ, ನಾಲ್ಕೈದು ಮೂಕ ಪ್ಯಾನೆಲ್, ಅಂದರೆ ಚಿತ್ರದ ಚೌಕ, ಸಾಕು. ಕಾಮಿಕ್ಸ್ ಕವಿಗಿಂತ ಒಂದು ಕೈ ಮೇಲಾಗುವ ಜಾಗ ಇದು ಅಂತ ನನ್ನ ಅನಿಸಿಕೆ.

ದೇವರುಗಳ ವಿಷಯ ಇನ್ನೂ ಜಟಿಲ. ಇಲಿಯಡ್‌ನಲ್ಲಿ ದೇವತೆಗಳು ಪಕ್ಕದ ಮನೆಯವರ ಹಾಗೆ ಬಂದು ಹೋಗುತ್ತಾರೆ. ಮೊದಲ ಕಾಂಡದಲ್ಲಿ ಅಗಮೆಮ್ನಾನ್ ಮೇಲೆ ಕತ್ತಿ ಎಳೆಯಲು ಹೊರಟ ಅಕಿಲೀಸನ ಕೂದಲನ್ನು ಅಥೀನಾ ಹಿಂದಿನಿಂದ ಹಿಡಿಯುತ್ತಾಳೆ. ಅವನಿಗೆ ಬಿಟ್ಟು ಬೇರೆ ಯಾರಿಗೂ ಅವಳು ಕಾಣುವುದಿಲ್ಲ. ಪದ್ಯದಲ್ಲಿ ಇದು ಎಷ್ಟು ಚಂದ! ಅವಳು ನಿಜವಾಗಿ ಬಂದಳಾ, ಅವನೊಳಗಿನ ವಿವೇಕವೇ ತಡೆಯಿತಾ ಅಂತ ಓದುಗ ಎರಡೂ ಕಡೆ ಯೋಚಿಸಬಹುದು. ಚಿತ್ರದಲ್ಲಿ ಅಥೀನಾಳನ್ನು ಬಿಡಿಸಿದರೆ ಅವಳು ಇದ್ದಾಳೆ, ಬಿಡಿಸದಿದ್ದರೆ ಇಲ್ಲ.

ಶನೋವರ್ ಬಿಡಿಸದಿರುವ ದಾರಿ ಹಿಡಿದರು. ಅವರ ಕಥೆಯಲ್ಲಿ ದೇವತೆಗಳು ಪಾತ್ರಗಳಾಗಿ ರಂಗಕ್ಕೆ ಬರುವುದಿಲ್ಲ. ಕನಸಿನಲ್ಲಿ, ಭವಿಷ್ಯ ಹೇಳುವವರ ಬಾಯಲ್ಲಿ, ಜನರ ಭಯಭಕ್ತಿಯಲ್ಲಿ ಇರುತ್ತಾರೆ. ಇದರಿಂದ ಆದ ಲಾಭ ದೊಡ್ಡದು. ಮಗಳನ್ನು ಬಲಿ ಕೊಡು ಅಂತ ದೇವತೆ ಎದುರು ನಿಂತು ಕೇಳಿದರೆ ಅಗಮೆಮ್ನಾನ್ ಪಾಪದವನು, ಏನು ಮಾಡಿಯಾನು ಅನಿಸುತ್ತದೆ. ಒಬ್ಬ ಜ್ಯೋತಿಷಿಯ ಮಾತು ನಂಬಿ ಕೊಟ್ಟರೆ ಆ ರಕ್ತ ಪೂರ್ತಿ ಅವನ ಕೈಗೇ ಅಂಟುತ್ತದೆ. ಯುದ್ಧ ಮನುಷ್ಯರ ಹಠ, ಆಸೆ, ರಾಜಕೀಯಕ್ಕೆ ಇಳಿಯುತ್ತದೆ.

ನಷ್ಟವೂ ಸಣ್ಣದಲ್ಲ. ಹೋಮರನ ದೇವತೆಗಳು ಜಗಳಗಂಟರು, ಹೊಟ್ಟೆಕಿಚ್ಚಿನವರು, ಎಷ್ಟೋ ಸಲ ನಗೆಪಾಟಲಿನವರು. ಮೂರನೇ ಕಾಂಡದಲ್ಲಿ ಪ್ಯಾರಿಸ್ ಇನ್ನೇನು ಸತ್ತ ಅನ್ನುವಾಗ ಅಫ್ರೊಡೈಟಿ ಬಂದು ಅವನ ಹೆಲ್ಮೆಟ್ಟಿನ ಗದ್ದದ ಪಟ್ಟಿ ಕಿತ್ತು, ಮಂಜಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಮಲಗುವ ಕೋಣೆಯಲ್ಲಿ ಇಳಿಸುತ್ತಾಳೆ. ಅವನ ಜೊತೆ ಕಾದಾಡುತ್ತಿದ್ದ ಹೆಲೆನ್‌ಳ ಗಂಡ ಮೆನೆಲಾಸ್ ಬರೀ ಹೆಲ್ಮೆಟ್ ಹಿಡಿದುಕೊಂಡು ಮೈದಾನದಲ್ಲಿ ಹುಡುಕಾಡುತ್ತಾನೆ. ಇದನ್ನು ದೇವತೆ ಇಲ್ಲದೆ ಹೇಗೆ ಹೇಳುತ್ತೀರಿ? ಸಾಯದವರು ಮೇಲೆ ಕೂತು ಆಟ ನೋಡುತ್ತಿರುವುದರಿಂದಲೇ ಕೆಳಗೆ ಸಾಯುವವರ ಪಾಡು ಅಷ್ಟು ಕಟುವಾಗಿ ಕಾಣುವುದು. ನನ್ನ ಮಟ್ಟಿಗೆ ಹೇಳುವುದಾದರೆ, ಇಡೀ ಯುದ್ಧದ ಕಥೆಗೆ ಶನೋವರ್ ದಾರಿ ಸರಿ. ಇಲಿಯಡ್ ಒಂದನ್ನೇ ಚಿತ್ರಿಸುವವರು ದೇವರುಗಳನ್ನು ಬಿಡಬಾರದು. 2019ರಲ್ಲಿ ಇಲಿಯಡ್ ಅನ್ನೇ ಚಿತ್ರಕಾದಂಬರಿ ಮಾಡಿದ ಗ್ಯಾರೆತ್ ಹೈಂಡ್ಸ್ ಅವರನ್ನು ಇಟ್ಟುಕೊಂಡಿದ್ದಾರೆ.

ಇನ್ನು ಸಾವು. ಇಲಿಯಡ್‌ನಲ್ಲಿ ಹೆಸರಿದ್ದು ಸಾಯುವವರೇ ಇನ್ನೂರು ಚಿಲ್ಲರೆ ಜನ. ಈಟಿ ಎಲ್ಲಿ ಹೊಕ್ಕಿತು, ಎಲ್ಲಿ ಹೊರಬಂತು ಅಂತ ಹೋಮರ್ ವೈದ್ಯನ ಹಾಗೆ ಹೇಳುತ್ತಾನೆ. ಎಲ್ಲವನ್ನೂ ಬಿಡಿಸಿದರೆ ಪುಸ್ತಕ ಕಸಾಯಿಖಾನೆ ಆಗುತ್ತದೆ, ಐವತ್ತನೇ ಹೆಣದ ಹೊತ್ತಿಗೆ ಓದುಗ ಆಕಳಿಸುತ್ತಾನೆ. ಆದರೆ ಹೋಮರನಲ್ಲಿ ಆಕಳಿಕೆ ಬರುವುದಿಲ್ಲ. ಯಾಕೆ ಅಂತ ನೋಡಲು ನಾಲ್ಕನೇ ಕಾಂಡದ ಸಿಮೊಯಿಸಿಯಸ್ ಎಂಬ ಹುಡುಗನ ಸಾವು ಸಾಕು.

ಅವನಿಗೆ ಸಿಗುವುದು ಹದಿನೈದು ಹದಿನಾರು ಸಾಲು ಅಷ್ಟೇ. ಮದುವೆಯಾಗದ ಹುಡುಗ. ತಾಯಿ ತನ್ನ ಅಪ್ಪ ಅಮ್ಮನ ಜೊತೆ ಕುರಿಮಂದೆ ನೋಡಲು ಹೋಗಿದ್ದವಳು, ಐಡಾ ಬೆಟ್ಟ ಇಳಿದು ಬರುವಾಗ ಸಿಮೊಯಿಸ್ ನದಿ ದಡದಲ್ಲಿ ಅವನನ್ನು ಹೆತ್ತಳು. ಅದಕ್ಕೇ ಆ ಹೆಸರು. ಸಾಕಿದ ಋಣ ತೀರಿಸುವ ಮೊದಲೇ ಏಜಾಕ್ಸನ ಈಟಿ ಬಲಮೊಲೆಯ ಪಕ್ಕ ಹೊಕ್ಕು ಭುಜದಿಂದ ಹೊರಬಂತು. ತಗ್ಗಿನ ಜೌಗುನೆಲದಲ್ಲಿ ಬೆಳೆದ ಪಾಪ್ಲರ್ ಮರದ ಹಾಗೆ ಬಿದ್ದ. ನುಣುಪು ಕಾಂಡ, ತುದಿಯಲ್ಲಷ್ಟೇ ಕೊಂಬೆ. ರಥ ಮಾಡುವವನು ಗಾಲಿಗೆ ಬೇಕು ಅಂತ ಹೊಳೆಯುವ ಕಬ್ಬಿಣದಿಂದ ಅದನ್ನು ಕಡಿದಿದ್ದಾನೆ. ಈಗ ಅದು ಹೊಳೆ ದಡದಲ್ಲಿ ಒಣಗುತ್ತಾ ಬಿದ್ದಿದೆ.

ಇದನ್ನು ಪುಟಕ್ಕೆ ಇಳಿಸುವುದು ಹೇಗೆ? ಈಟಿಯ ಏಟನ್ನು ಅರ್ಧ ಪುಟದ ದೊಡ್ಡ ಪ್ಯಾನೆಲ್ ಮಾಡುವುದು ಸುಲಭ, ಎಲ್ಲರೂ ಅದನ್ನೇ ಮಾಡುತ್ತಾರೆ. ನಾನಾದರೆ ಏಟನ್ನು ಅತಿ ಸಣ್ಣ ಪ್ಯಾನೆಲ್‌ಗೆ ಇಳಿಸುತ್ತೇನೆ. ಮೇಲಿನ ಸಾಲಿನಲ್ಲಿ ನದಿ ದಡ, ಬೆಟ್ಟ ಇಳಿಯುವ ಹೆಂಗಸು, ಮಂದೆ. ಆಮೇಲೆ ಕೈಯಗಲದ ಜಾಗದಲ್ಲಿ ಈಟಿ. ಕೆಳಗಿನ ಇಡೀ ಅರ್ಧ ಪುಟಕ್ಕೆ ಮರ, ಕೊಡಲಿ ಹಿಡಿದ ಮನುಷ್ಯ, ಅದೇ ನದಿ. ಕಾಮಿಕ್ಸ್‌ನಲ್ಲಿ ಎರಡು ಪ್ಯಾನೆಲ್ ನಡುವಿನ ಬಿಳಿ ಜಾಗವೇ ಮುಖ್ಯ. ಹುಡುಗ ಬೀಳುವುದನ್ನು ತೋರಿಸದೆ ಮರ ಬಿದ್ದದ್ದನ್ನು ತೋರಿಸಿದರೆ ಓದುಗನ ಮನಸ್ಸು ಆ ಸಂದಿಯಲ್ಲಿ ಹುಡುಗನನ್ನು ತಾನೇ ಬೀಳಿಸಿಕೊಳ್ಳುತ್ತದೆ. ಉಪಮೆಗೆ "ಹಾಗೆ" ಅನ್ನುವ ಪದವೇ ಬೇಕಾಗುವುದಿಲ್ಲ. ಒಂದು ಕೀಟಲೆ ಪ್ರಶ್ನೆ ಮಾತ್ರ ಉಳಿಯುತ್ತದೆ. ಕಂಚಿನ ಯುಗದ ಕಥೆ ಅಂತ ಹೊರಟಿದ್ದೀರಿ, ಕವಿ ಕಬ್ಬಿಣ ಅಂದಿದ್ದಾನೆ, ಆ ಕೊಡಲಿ ಯಾವುದರದ್ದು?

ಮಾತಿನ ಲೆಕ್ಕ ಬೇಗ ಹೇಳಿ ಮುಗಿಸುತ್ತೇನೆ. ಇಲಿಯಡ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಸಂಭಾಷಣೆ. ಒಂಬತ್ತನೇ ಕಾಂಡದಲ್ಲಿ ಮುದುಕ ಫೀನಿಕ್ಸ್ ಅಕಿಲೀಸನಿಗೆ ಬುದ್ಧಿ ಹೇಳಲು ಒಂದೇ ಉಸಿರಿಗೆ 170 ಸಾಲು ಮಾತಾಡುತ್ತಾನೆ. ಒಂದು ಬಲೂನಿನಲ್ಲಿ ಹಿಡಿಯುವುದು ಎರಡು ಮೂರು ವಾಕ್ಯ. ಆದ್ದರಿಂದ ಕತ್ತರಿ ಅನಿವಾರ್ಯ. ಉಳಿದದ್ದನ್ನು ಮುಖ, ಕೈ, ಕೂತ ಭಂಗಿ ಹೇಳಬೇಕು. ಎರಡನೇ ಕಾಂಡದ ಹಡಗುಗಳ ಪಟ್ಟಿಯಂತೂ 29 ಪಡೆ, 1,186 ಹಡಗು. ಬಲೂನಿಗೆ ಆಗದ್ದು ಇಲ್ಲಿ ಚಿತ್ರಕ್ಕೆ ಸಲೀಸು. ಎರಡು ಪುಟ ಅಗಲದ ಸಮುದ್ರ ಬಿಡಿಸಿದರೆ ಆಯಿತು. ಬೆನ್ನು ಮುರಿಯುವುದು ಬಿಡಿಸುವವರದ್ದು.

ಗ್ರೀಕ್ ಪುರಾಣಕ್ಕೆ ಕಾಮಿಕ್ಸ್ ಹೊರಗಿನಿಂದ ಬಂದ ವೇಷ ಅನ್ನುವವರಿಗೆ ಎರಡು ಪಾತ್ರೆ ತೋರಿಸಬೇಕು. ಒಂದು, ವ್ಯಾಟಿಕನ್‌ನಲ್ಲಿರುವ, ಗ್ರೀಕ್ ಮಡಕೆ ಚಿತ್ರಕಾರ ಎಕ್ಸೆಕಿಯಾಸ್‌ನ ಜಾಡಿ, ಕ್ರಿಸ್ತಪೂರ್ವ 540-530ರ ಸುಮಾರಿನದು. ಅಕಿಲೀಸ್ ಮತ್ತು ಏಜಾಕ್ಸ್ ಯುದ್ಧದ ಬಿಡುವಿನಲ್ಲಿ ದಾಳ ಆಡುತ್ತಿದ್ದಾರೆ. ಇಬ್ಬರ ಬಾಯಿಯ ಪಕ್ಕದಲ್ಲೂ ಅಕ್ಷರಗಳಿವೆ. ಅಕಿಲೀಸ್ "ನಾಲ್ಕು" ಅನ್ನುತ್ತಾನೆ, ಏಜಾಕ್ಸ್ "ಮೂರು". ಬಲೂನಿನ ಗೆರೆಯೊಂದು ಇಲ್ಲ, ಅಷ್ಟೇ.

ಇನ್ನೊಂದು ಮಿಕೊನೋಸ್ ದ್ವೀಪದಲ್ಲಿ 1961ರಲ್ಲಿ ಸಿಕ್ಕಿದ ದೊಡ್ಡ ವಾಡೆ. ಕ್ರಿಸ್ತಪೂರ್ವ 7ನೇ ಶತಮಾನದ್ದು, ಟ್ರಾಯ್ ಕುದುರೆಯ ಅತಿ ಹಳೆಯ ಚಿತ್ರಗಳಲ್ಲಿ ಒಂದು. ಕೆಳಗೆ ಸಾಲು ಸಾಲು ಚೌಕಗಳು, ಒಂದೊಂದರಲ್ಲೂ ಊರು ಬಿದ್ದ ರಾತ್ರಿಯ ಒಂದೊಂದು ಘಟನೆ. ಒಂದರಲ್ಲಿ ಸೈನಿಕ ಹೆಂಗಸನ್ನು ಹಿಡಿದಿದ್ದಾನೆ, ಇನ್ನೊಂದರಲ್ಲಿ ತಾಯಿಯ ಮುಂದೆಯೇ ಮಗುವಿಗೆ ಕತ್ತಿ. ವೀರಾವೇಶ ಏನೂ ಇಲ್ಲ. ಮೇಲೆ ಕುತ್ತಿಗೆಯ ಭಾಗದಲ್ಲಿ ಕುದುರೆ.

ಆ ಕುದುರೆ ಈಗಿನ ಚಿತ್ರಕಾರರಿಗೂ ತಲೆನೋವು. ಕ್ರಿಸ್ತಶಕ ಎರಡನೇ ಶತಮಾನದ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಆಗಲೇ ಅದು ಗೋಡೆ ಒಡೆಯುವ ಯಂತ್ರ ಇದ್ದಿರಬೇಕು, ಇಲ್ಲದಿದ್ದರೆ ಟ್ರಾಯ್‌ನವರು ಶುದ್ಧ ದಡ್ಡರು ಅಂದುಕೊಳ್ಳಬೇಕಾಗುತ್ತದೆ ಅಂತ ಬರೆದಿದ್ದ. ದೇವರುಗಳನ್ನು ಹೊರಗಿಟ್ಟು, ಬಟ್ಟೆಬರೆ ಎಲ್ಲ ಅಗೆತದಿಂದ ತಂದು, ಅಷ್ಟು ನೈಜವಾಗಿ ಕಟ್ಟಿದ ಲೋಕಕ್ಕೆ ಕೊನೆಯಲ್ಲಿ ಹೊಟ್ಟೆ ತುಂಬ ಸೈನಿಕರಿರುವ ಮರದ ಕುದುರೆಯನ್ನು ತಂದು ನಿಲ್ಲಿಸಬೇಕು. ಮುಚ್ಚಿ ಬಿಡಿಸಿದರೆ ಒಳಗೆ ಜನ ಇದ್ದಾರೆ ಅಂತ ತಿಳಿಯುವುದಿಲ್ಲ. ತೆರೆದು ಬಿಡಿಸಿದರೆ ಟ್ರಾಯ್‌ನವರಿಗೂ ಕಾಣಬೇಕಲ್ವಾ? ಮಿಕೊನೋಸ್‌ನ ಕಲಾವಿದ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಕುದುರೆಯ ಕಾಲಿಗೆ ಗಾಲಿ ಹಾಕಿದ. ಹೊಟ್ಟೆಗೂ ಕುತ್ತಿಗೆಗೂ ಚೌಕ ಕಿಟಕಿಗಳನ್ನು ಕೊರೆದು ಒಂದೊಂದರಲ್ಲೂ ಒಬ್ಬ ಯೋಧನ ತಲೆ ಇಟ್ಟ. ನೋಡುವವರಿಗೆ ಕಂಡರೆ ಸಾಕು, ಟ್ರಾಯ್‌ನವರಿಗೆ ಕಂಡಿತೋ ಇಲ್ಲವೋ ಅದು ಅವರ ಪಾಡು ಅಂತ ಬಿಟ್ಟ.